ಸಿಡಿಲು, ಇಳೀತಿದ್ದೀನಿ

ಮೇ ೪, ಭಾನುವಾರ

ಇವತ್ತೂ ಇವರ ದನಿ ಇಲ್ಲ. ಗುಡ್ಡ ಹತ್ತಿ, ಕೋಲು ನಿಲ್ಲಿಸಿ, ಆಂಟೆನಾ ತಂತಿ ಎಳೆದು, ಗೊತ್ತುಮಾಡಿಕೊಂಡಂತೆ ಮಧ್ಯಾಹ್ನ ಮೂರಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಬರೀ ಗೊರಗೊರ. ಇವರ ಹಡಗು ಈಗ ಎಲ್ಲೋ ದಕ್ಷಿಣದಲ್ಲಿ. ಮನೆಗೆ ಬರುವುದು ಮುಂದಿನ ತಿಂಗಳು. ಎಂಜಿನ್ ರೂಮಿನ ಪಾಳಿ ಮುಗಿದರೆ ಮಾತ್ರ ಮೇಲೆ ಬಂದು ಹ್ಯಾಮ್ ರೇಡಿಯೋ ಹಿಡಿಯುತ್ತಾರೆ. ಹಡಗಿನ ಫೋನು ತುರ್ತಿಗೆ ಮಾತ್ರ. ಮೇಲ್ ಎರಡು ದಿನಕ್ಕೊಮ್ಮೆ ಹೋಗುತ್ತದೆ, ಬರುತ್ತದೆ. ಆದರೆ ಮೇಲ್‌ಗೆ ದನಿ ಎಲ್ಲಿದೆ... ಮನೆಯಲ್ಲಿ ಕೂತರೆ ರೇಡಿಯೋದಲ್ಲಿ ಲಿಫ್ಟಿನ ಮೋಟಾರಿನ ಗದ್ದಲ ಬಿಟ್ಟು ಏನೂ ಕೇಳದು. ಹಾಗಾಗಿ ಗುಡ್ಡ.

ನಾದಿನಿ ಜೊತೆಗೆ ಬರುತ್ತಾಳೆ. ಆಂಬುಲೆನ್ಸ್ ಓಡಿಸುವವಳು, ಅವಳಿಗೆ ಎಲ್ಲದರಲ್ಲೂ ಅಪಾಯವೇ ಕಾಣುತ್ತದೆ. ಇವತ್ತು ನಿಲ್ಲಿಸಿದ ಕೋಲನ್ನು ಕೀಳಿಸಿದಳು.

“ಇದು ಬಿದ್ರೆ ಎಲ್ಲಿಗೆ ಬೀಳತ್ತೆ ನೋಡಿದ್ರಾ, ಅತ್ತಿಗೆ?”

ನೋಡಿದೆ. ನೇರ ಕರೆಂಟಿನ ತಂತಿಯ ಮೇಲೆ. ಆಚೆ ನೆಟ್ಟೆ.

ಮೇ ೧೧, ಭಾನುವಾರ

ಬೆಳಗಿನಿಂದ ಮೋಡ. ನಾದಿನಿ ಕಾರಿನ ಕೀ ಕೊಡಲಿಲ್ಲ, ಪುಣ್ಯಾತ್ಗಿತ್ತಿ. ಸಂಜೆವರೆಗೂ ಒಂದು ಹನಿ ಬೀಳಲಿಲ್ಲ. ಅವಳ ಜೊತೆ ಮಾತು ಬಿಟ್ಟಿದ್ದೇನೆ.

ಮೇ ೧೪

ಇವರ ಮೇಲ್. “ಭಾನುವಾರ ಕಾದೆ. ನೀನಿರಲಿಲ್ಲ.” ಅಷ್ಟೇ. ಓದಿ ಕನ್ನಡಕದ ಗಾಜು ಉಜ್ಜುವ ಕೆಲಸಕ್ಕೆ ಕೂತು, ಯಾರದೋ ಬಲಗಣ್ಣಿನ ನಂಬರನ್ನು ಎಡಗಣ್ಣಿನ ಗಾಜಿಗೆ ಉಜ್ಜಿಬಿಟ್ಟೆ. ಕನ್ನಡಕದಂಗಡಿ ಯಜಮಾನರು ಗಾಜನ್ನು ಬೆಳಕಿಗೆ ಹಿಡಿದು, “ಮನಸ್ಸೆಲ್ಲಿದೆಯಮ್ಮ?” ಎಂದರು. ಎಲ್ಲಿದೆ ಎಂದು ಹೇಳಲಿ.

ಮೇ ೧೮, ಭಾನುವಾರ, ಸಂಜೆ

ಅಕ್ಷರ ಸೊಟ್ಟ.

ಹೊರಟಾಗ ಒಳ್ಳೆ ಬಿಸಿಲು. ಮೂರು ದಾಟಿತ್ತು. ಇದ್ದಕ್ಕಿದ್ದಂತೆ ನನ್ನ ಕಾಲ್‌ಸೈನ್, ರೇಡಿಯೋದಲ್ಲಿ ಹೆಸರಿನ ಬದಲು ಕರೆಯುವ ಗುರುತು, ಇವರ ದನಿಯಲ್ಲಿ. ಅಲೆ ಬಂದು ಹೋದಂತೆ ಏರುತ್ತಾ ಇಳಿಯುತ್ತಾ...

“ಊಟ ಆಯ್ತಾ?” ಎಂದರು. ಸಾವಿರಾರು ಮೈಲಿ ಆಚೆಯಿಂದ ಕೇಳುವ ಪ್ರಶ್ನೆಯೇ ಇದು? ನಗು ಬಂತು.

“ನಿನಗೊಂದು ವಿಷಯ ಹೇಳಬೇಕು...” ಎಂದರು. ಅಷ್ಟರಲ್ಲಿ ಕಿವಿಯಲ್ಲಿ ಚಟಚಟ. ಹಿಂದೆ ಎಲ್ಲೋ ದೂರದಲ್ಲಿ ಗುಡುಗು.

“ಅತ್ತಿಗೆ, ಸಾಕು. ಏಳಿ.”

“ಒಂದೇ ನಿಮಿಷ ಕಣೇ. ಅದಿನ್ನೂ ಎಷ್ಟೋ ದೂರ ಇದೆ.”

“ಗುಡುಗು ನಮಗೆ ಕೇಳಿಸ್ತು ಅಂದ್ರೆ ಸಿಡಿಲಿಗೆ ನಾವು ಸಿಗ್ತೀವಿ ಅಂತ್ಲೇ. ನಾನು ಸಿಡಿಲು ಬಡಿದವರನ್ನ ಹೊತ್ತಿದ್ದೀನಿ ಅತ್ತಿಗೆ. ಏಳಿ.”

ಅವಳ ಮುಖ ನೋಡಿದೆ. ಮೈಕಿನಲ್ಲಿ ಎರಡೇ ಮಾತು: “ಸಿಡಿಲು. ಇಳೀತಿದ್ದೀನಿ.” ಉತ್ತರಕ್ಕೆ ಕಾಯಲಿಲ್ಲ. ಕೇಬಲ್ ಕಿತ್ತು ರೇಡಿಯೋ ಎದೆಗವಚಿಕೊಂಡೆ. ಕೋಲಿಗೆ ಕೈ ಹಾಕಲು ಹೋದರೆ, “ಮುಟ್ಟಬೇಡಿ, ಬಿಟ್ಟು ಬನ್ನಿ,” ಎಂದು ರಟ್ಟೆ ಹಿಡಿದು ಎಳೆದಳು. ಕಾರಿಗೆ ಓಡಿದೆವು. ಗಾಜು ಏರಿಸಿ ಕೂತು, ನಾನು ಮನಸ್ಸಿನಲ್ಲೇ ಅವಳನ್ನು ಶಪಿಸುತ್ತಿದ್ದೆ. ಆಗ ಗುಡ್ಡವೆಲ್ಲ ಬೆಳ್ಳಗಾಯಿತು. ಸದ್ದು ಎದೆಯೊಳಗೇ ಆದಂತಾಯಿತು.

ಮಳೆ ನಿಂತು, ಗುಡುಗು ಅಡಗಿ ಬಹಳ ಹೊತ್ತಾದ ಮೇಲೆ ಹತ್ತಿ ನೋಡಿದರೆ ಕೋಲು ಉದ್ದಕ್ಕೂ ಸೀಳಿಹೋಗಿತ್ತು. ತಂತಿಯೇ ಇರಲಿಲ್ಲ. ನಾನು ಕೂತಿದ್ದ ಸ್ಟೂಲಿನ ಒಂದು ಕಾಲು ಕಪ್ಪಾಗಿತ್ತು.

ನಾದಿನಿ ಬೈಯಲಿಲ್ಲ. ತನ್ನ ದುಪಟ್ಟಾದಿಂದ ನನ್ನ ತಲೆ ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಇವರಿಗೆ ಮೇಲ್ ಹಾಕಿದ್ದೇನೆ, ಕ್ಷೇಮ ಎಂದು. ಯಾವಾಗ ಮುಟ್ಟುವುದೋ.

ಮೇ ೧೯

ಮಧ್ಯಾಹ್ನ ತಾತನ ಫೋನು. ಬೇರೆ ಊರಿನವರು, ಮುಖ ನೋಡಿಲ್ಲ. ರೇಡಿಯೋದಲ್ಲಿ ಎಲ್ಲರಿಗೂ ತಾತ. ನಮ್ಮ ಮಾತು ಅವರ ಕಿವಿಗೂ ಬೀಳುತ್ತದೆ.

“ಇದ್ದೀಯೇನಮ್ಮ?”

“ಇದ್ದೀನಿ ತಾತ. ಏನೂ ಆಗಿಲ್ಲ.”

ಒಂದು ಉಸಿರು ಬಿಟ್ಟರು. “ನಿನ್ನೆ ಅವನು ಕರೀತಾನೇ ಇದ್ದನಮ್ಮ, ಕತ್ತಲಾಗೋವರೆಗೂ. ನಾನು ಉತ್ತರ ಕೊಟ್ಟೆ, ನಂದು ಅವನಿಗೆ ಮುಟ್ಟಲಿಲ್ಲ. ಕೊನೆಕೊನೆಗೆ ಕಾಲ್‌ಸೈನ್ ಬಿಟ್ಟು ನಿನ್ನ ಹೆಸರು ಹಿಡಿದೇ ಕೂಗ್ತಿದ್ದ. ನನಗೆ ಕೇಳೋಕಾಗಲಿಲ್ಲ, ಆಫ್ ಮಾಡಿದೆ.”

ಗಾಜು ಉಜ್ಜುವ ಮಶೀನು ಚಾಲೂ ಮಾಡಿದೆ, ಅತ್ತದ್ದು ಹೊರಗೆ ಕೇಳದಿರಲೆಂದು. ಕಾಯುವುದು ನನ್ನೊಬ್ಬಳ ಪಾಲಿಗೆ ಬಂದದ್ದು ಎಂದುಕೊಂಡಿದ್ದೆ.

ಮೇ ೨೧

ಮೇಲ್ ಬಂತು. “ಇಳಿದೆಯಲ್ಲ, ಅಷ್ಟು ಸಾಕು. ತಂಗಿಗೆ ಹೇಳು, ಅವಳ ಮಾತೇ ಕೊನೆ. ಆ ವಿಷಯ ಮೇಲ್‌ನಲ್ಲಿ ಬರೆಯುವಂಥದ್ದಲ್ಲ.” ಓದಿ ಹೇಳಿದೆ. ನಾದಿನಿ ಬೇರೆ ಕಡೆ ಮುಖ ತಿರುಗಿಸಿ ಮೂಗೊರೆಸಿಕೊಂಡಳು.

ಮೇ ೨೫, ಭಾನುವಾರ

ಹೊಸ ಕೋಲು. ಶುಭ್ರ ಆಕಾಶ. ಸಿಕ್ಕರು.

“ಆಕಾಶ ಹೇಗಿದೆ?” ಮೊದಲ ಪ್ರಶ್ನೆಯೇ ಅದು.

“ನೀಲಿ. ನಿಮ್ಮ ತಂಗಿ ಸುತ್ತ ತಿರುಗಿ ನೋಡ್ತಾನೇ ಇದ್ದಾಳೆ.”

ಆಮೇಲೆ, “ಅವತ್ತು ಹೇಳಬೇಕು ಅಂದಿದ್ನಲ್ಲ... ಮುಂದಿನ ತಿಂಗಳು ಬರೋಕಾಗಲ್ಲ. ನವೆಂಬರ್ ತನಕ ಇಲ್ಲೇ ಇರಬೇಕಂತೆ. ಕೇಳಿಸ್ತಾ?”

ಕೇಳಿಸಿತು. ಮೈಕಿನ ಗುಂಡಿ ಒತ್ತಿದೆ. ಒತ್ತಿದಷ್ಟು ಹೊತ್ತೂ ಇಲ್ಲಿಯದು ಅಲ್ಲಿಗೆ ಕೇಳುತ್ತದೆ, ಅಲ್ಲಿಯದು ಇಲ್ಲಿಗೆ ಇಲ್ಲ. ಒತ್ತಿ ಹಿಡಿದುಕೊಂಡೇ ಕೂತಿದ್ದೆ. ಎಷ್ಟು ಹೊತ್ತೋ. ಬೆರಳು ಸೋತು ಬಿಟ್ಟಾಗ ಇವರ ದನಿ, ತೀರ ಹತ್ತಿರದಲ್ಲಿ:

“ಅಲ್ಲಿ ಗಾಳಿ ಬೀಸ್ತಿದೆ ಅಲ್ವಾ? ಕೇಳಿಸ್ತಿದೆ. ತಂಪಾಗಿದೆಯಾ?”

ತಂಪಾಗಿದೆ ಎಂದೆ. ಆಮೇಲೆ ನಾನೇ ಕೇಳಿದೆ, “ಊಟ ಆಯ್ತಾ?”