ಎಡತೋಳಿನ ಲಂಗರು

ಹಿರೇಹಡಗಲಿ,
೧೨ ಜೂನ್ ೧೯೮೧

ಪ್ರೀತಿಯ ತಮ್ಮ ನಾಗೇಂದ್ರಪ್ಪನಿಗೆ ನಿನ್ನ ಅಕ್ಕನ ಆಶೀರ್ವಾದ.

ಹೇಗಿದ್ದೀ? ಹಡಗಿನ ಒಲೆಗೆ ತಾಗಿ ಕೈಯಲ್ಲಿ ಎದ್ದ ಬೊಬ್ಬೆ ಒಣಗಿತೇ? ಇಲ್ಲಿ ಅವ್ವನ ಮಂಡಿನೋವು ಹಾಗೇ ಇದೆ. ಅಪ್ಪ ಶಾಲೆಯ ಗಂಟೆ ಬಾರಿಸಲು ಹೋಗಿದ್ದಾರೆ. ಅವರಿಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಿಂದ ಉಚ್ಚಂಗೆಮ್ಮನ ಅಪ್ಪ ಗಾದಿಲಿಂಗಪ್ಪನವರು ಬಂದಿದ್ದರು. ನಿನಗೂ ಅವಳಿಗೂ ಮದುವೆ ಮಾತಾದ ಮೇಲೆ ಬೀಗರು ಮೊದಲ ಸಲ ಬಂದರೆಂದು ಅಪ್ಪ ಹಿಗ್ಗಿ, ಗೋಡೆಯ ಮೇಲಿದ್ದ ನಿನ್ನ ಫೋಟೋ ತೆಗೆದು ಅವರ ಕೈಗೇ ಕೊಟ್ಟರು. ಅವರು ಚಹಾ ಮುಟ್ಟಲಿಲ್ಲ. "ಹುಡುಗ ಲೀಡಿಂಗ್ ಅದಾನ ಅಂದ್ರಿ. ಹಡಗಿನ್ಯಾಗ ಅಡಿಗಿ ಮಾಡ್ತಾನಂತ, ಖರೇನ?" ಎಂದರು. ರಜೆಗೆ ಬಂದ ನೌಕಾಪಡೆಯವನೊಬ್ಬ ಹೇಳಿದನಂತೆ. ಲೀಡಿಂಗ್ ಎಂದರೆ ಹಡಗಿಗೇ ಮುಂದಾಳು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ ಅಪ್ಪ ತಲೆ ಎತ್ತಲಿಲ್ಲ.

ನೀನು ಬರೆದು ತಿಳಿಸಿದ್ದನ್ನು ನಾನೇ ಹೇಳಿದೆ. ಫೋಟೋದಲ್ಲಿ ಎಡತೋಳಿನ ಮೇಲಿರುವ ಲಂಗರು ಲೀಡಿಂಗ್ ಎಂಬ ದರ್ಜೆಯದು, ಬಲತೋಳಿನ ಗುರುತು ಕೆಲಸದ್ದು. ತೋಪು ಹಾರಿಸುವವನೂ ಲೀಡಿಂಗ್ ಆಗಬಹುದು, ಅಡುಗೆಯವನೂ ಆಗಬಹುದು ಎಂದೆ. ಅವರು ಫೋಟೋ ಕೆಳಗಿಟ್ಟು, "ದರ್ಜಿ ಯಾರಿಗಿ ಕಾಣ್ತೈತವ್ವ? ಮಂದಿ ಕೇಳೋದು ಏನು ಕೆಲಸ ಮಾಡ್ತಾನ ಅಂತ" ಎಂದು ಎದ್ದರು. ಒಳಗಿನಿಂದ ಅವ್ವ ಬಂದಳು. "ಈ ಊರಾಗ ನಮ್ಮ ಕೈಯಾಗಿನ ನೀರು ಕುಡಿಯಂಗಿಲ್ಲ ಮಂದಿ. ನನ್ನ ಮಗ ಮಾಡಿದ್ದನ್ನ ಹಡಗಿನ ಮಂದಿಯೆಲ್ಲ ಉಣ್ತಾರ. ನಿಮಗೇನು ಕಡಿಮಿ ಆತ್ರಿ?" ಎಂದಳು. ಅವರು ಚಪ್ಪಲಿ ಮೆಟ್ಟಿ ಹೊರಟರು.

ಅಂದಿನಿಂದ ನಿನ್ನ ಫೋಟೋ ಪೆಟ್ಟಿಗೆಯಲ್ಲಿದೆ. ಯಾರಾದರೂ ನಿನ್ನ ಸುದ್ದಿ ಕೇಳಿದರೆ ಅಪ್ಪ "ಹಡಗಿನ್ಯಾಗ ಅದಾನ" ಎಂದಷ್ಟೇ ಹೇಳಿ ನಡೆದುಬಿಡುತ್ತಾರೆ. ಅವರ ಮೇಲೆ ಸಿಟ್ಟಾಗಬೇಡ. ಅವ್ವ ಮಾತ್ರ, ನೀನು ಎಷ್ಟು ಮಂದಿಗೆ ಅನ್ನ ಬಸಿಯುತ್ತೀಯೆಂದು ನನ್ನನ್ನು ಮತ್ತೆ ಮತ್ತೆ ಕೇಳುತ್ತಾಳೆ.

ಹೊತ್ತಿಗೆ ಸರಿಯಾಗಿ ನೀನೂ ಉಣ್ಣು. ಅವ್ವ ನಿನ್ನ ತಲೆ ನೇವರಿಸಿದೆನೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಅಕ್ಕ,
ಪಕ್ಕೀರಮ್ಮ

ತಾ.ಕ.: ಮೇಲೆ ಬರೆಯಲು ಕೈ ಏಳಲಿಲ್ಲ. ಸೋಮವಾರ ಉಚ್ಚಂಗೆಮ್ಮನ ಮದುವೆ ಆಗಿಹೋಯಿತು, ಕೊಟ್ಟೂರಿನ ಗುಮಾಸ್ತನೊಬ್ಬನಿಗೆ ಕೊಟ್ಟರು. ಮದುವೆಗೆ ಮುಂಚೆ ಅವಳು ನನಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಅಡಿಗಿ ಮಾಡಿದ್ರ ನನಗೇನ್ರಿ ಅಕ್ಕಾರ? ನನ್ನ ಯಾರೂ ಕೇಳಲಿಲ್ಲ" ಎಂದು ಅತ್ತಳು. ರಜೆ ಸಿಕ್ಕರೆ ಅವ್ವನ ಸಲುವಾಗಿ ಬಾ. ರೈಲು ಕೊಟ್ಟೂರಿನ ತನಕ ಹೋಗುತ್ತದೆ. ನೀನು ಹಗರಿಬೊಮ್ಮನಹಳ್ಳಿಯಲ್ಲೇ ಇಳಿದುಬಿಡು. ಮುಂದಕ್ಕೆ ಹೋಗಬೇಡ.