ಹಾಡಹಗಲಿನ ಉಡಿಕೆ

೨೦ ಜನವರಿ ೨೦೨೫, ಸೋಮವಾರ

ಕಡಲೆ ಕೀಳುವವರು ನಸುಕಿನಲ್ಲಿ ಬರುತ್ತೇವೆ ಎಂದವರು ಬಿಸಿಲೇರಿದ ಮೇಲೆ ಬಂದರು. ಬೈದೆ. ಇಬ್ಬನಿ ಆರುವುದರೊಳಗೆ ಕೀಳಬೇಕು, ಇಲ್ಲದಿದ್ದರೆ ಕಾಯಿ ಉದುರುತ್ತದೆ. ಹೇಳಿದ ಹೊತ್ತಿಗೆ ಬಾರದವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಯರಗುಪ್ಪಿಯಲ್ಲಿ ಎಲ್ಲರಿಗಿಂತ ಮೊದಲು ಬಿತ್ತುವವಳು ನಾನು. ಮೊದಲು ಕಣಕ್ಕೆ ತರುವವಳೂ ನಾನೇ.

ಬಾಜು ಮನೆಯ ಸಾವಂತ್ರೆವ್ವ ಬುಟ್ಟಿ ಕೇಳುವ ನೆಪದಲ್ಲಿ ಹೊಲಕ್ಕೇ ಬಂದಳು. ಬುಟ್ಟಿ ಬೇಕಿರಲಿಲ್ಲ, ಗೊತ್ತು.

"ಕೆಂಚವ್ವಾ, ತಿರ್ಲಾಪುರದಿಂದ ಮತ್ತ ಫೋನ್ ಬಂದಿತ್ತು. ಏನ ಹೇಳ್ಲಿ?"

"ಕಡಲಿ ಮುಗೀಲಿ."

"ಮೊನ್ನೆ ಎಳ್ಳಮಾಸಿ ಹಬ್ಬ ಮುಗೀಲಿ ಅಂದಿದ್ದಿ."

"ಮುಗೀತಲ್ಲ. ಈಗ ಕಡಲಿ ಮುಗೀಲಿ."

ತಿರ್ಲಾಪುರದ ವಿಷಯ ಇಲ್ಲಿ ಬರೆದೇ ಇಲ್ಲ. ಬರೆಯುತ್ತೇನೆ. ಅಲ್ಲಿ ಪುಂಡಲೀಕ ಅಂತ ಒಬ್ಬ. ಬೋರಿನ ಮೋಟರು ರಿಪೇರಿ ಮಾಡುತ್ತಾನೆ. ಹೆಂಡತಿ ತೀರಿಕೊಂಡಿದ್ದಾಳೆ. ನನ್ನ ಸೊಸೆ ಸುನೀತಾಳನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಎಂದು ಸಾವಂತ್ರೆವ್ವನ ಕೈಲಿ ಕೇಳಿಸಿದ್ದಾನೆ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುವ ಪದ್ಧತಿ. ನನ್ನ ಮಗ ಬೀರೇಶ ಹೋಗಿ ಮೂರು ವರ್ಷ. ಮಕ್ಕಳಾಗಿರಲಿಲ್ಲ. ಸುನೀತಾಳಿಗೆ ಮನಸ್ಸಿದೆ. ತವರಿನವರು ಒಪ್ಪಿದ್ದಾರೆ. ಆದರೆ ಸತ್ತ ಗಂಡನ ಮನೆಯವರು ಬಾಯಿಬಿಟ್ಟು ‘ಆಗಲಿ’ ಅನ್ನದೆ ನಮ್ಮಲ್ಲಿ ಉಡಿಕೆ ಆಗದು. ಮನೆಯವರು ಅಂದರೆ ನಾನು. ಒಂದು ಮಾತು. ಅಷ್ಟೇ.

೨ ಫೆಬ್ರವರಿ, ರವಿವಾರ

ಕಡಲೆ ಮುಗಿಯಿತು. ಹೇಳಲಿಲ್ಲ.

ತಿರ್ಲಾಪುರದವರು ಇವತ್ತು ಬರುತ್ತಾರೆಂದು ಸುನೀತಾ ನಿನ್ನೆಯೇ ತಿಳಿಸಿದ್ದಳು. ಎದ್ದವಳೇ ಮೆಣಸಿನಕಾಯಿ ಹೊಲಕ್ಕೆ ಹೋದೆ. ಹಣ್ಣಾದದ್ದು ಒಂದು ಬುಟ್ಟಿಯೂ ಇರಲಿಲ್ಲ. ಬಿಡಿಸಿದೆ. ಬಿಡಿಸಿ ಮುಗಿದ ಮೇಲೆ ಕಸ ತೆಗೆದೆ. ನನ್ನ ಹೊಲದ ಕಸ ಮುಗಿದ ಮೇಲೆ ಬಾಜು ಹೊಲದ ರಮಜಾನನ ಕಸ ತೆಗೆದೆ. ಅವನು ನೋಡಿ ಗಾಬರಿಯಾದ.

ಹೊತ್ತು ಮುಳುಗಿದ ಮೇಲೆ ಮನೆಗೆ ಬಂದೆ. ಚಹಾ ಕುಡಿದ ಲೋಟಗಳು ಕಟ್ಟೆಯ ಮೇಲೆ ಹಾಗೇ ಇದ್ದವು. ನನ್ನ ಕಣ್ಣಿಗೆ ಬೀಳಲಿ ಎಂದೇ ತೊಳೆಯದೆ ಬಿಟ್ಟಿದ್ದಳು.

"ಎಷ್ಟ ಹೊತ್ತ ಕುಂತಿದ್ರು?"

"ನಿಮ್ಮ ಹಾದಿ ನೋಡಿ ನೋಡಿ ಸಾಕಾಗಿ ಹೋದ್ರು."

"ಹೊಲದಾಗ ಕೆಲಸ ಇತ್ತು."

"ಹೌದ್ರಿ. ರಮಜಾನ್ ಕಾಕಾ ಹೇಳಿದ. ಅವನ ಹೊಲದಾಗೂ ಇತ್ತಂತ."

ರೊಟ್ಟಿಗೆ ಉಪ್ಪಿಲ್ಲ ಎಂದು ಜಗಳ ತೆಗೆದೆ. ಜೋಳದ ರೊಟ್ಟಿಗೆ ಉಪ್ಪು ಹಾಕುವವರು ಯಾರು...

೧೮ ಫೆಬ್ರವರಿ, ಮಂಗಳವಾರ

ಮಹಿಳಾ ಸಂಘದ ಸಭೆ. ಹುಬ್ಬಳ್ಳಿಯಿಂದ ರಂಜನಾ ಮೇಡಂ ಬಂದಿದ್ದರು, ಟ್ರೇನಿಂಗ್ ಕೊಡಲು. ಕೆಲಸ ಮುಂದೂಡುವ ಚಟ ಬಿಡುವುದು ಹೇಗೆ ಅಂತ ವಿಷಯ. ಸಾವಂತ್ರೆವ್ವ ನನ್ನ ಪಕ್ಕೆಗೆ ತಿವಿದಳು. ಕೈ ಮುರಿಯುತ್ತೇನೆ ಎಂದೆ.

ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಬೇಕಂತೆ. ಬರೀ ಐದು ನಿಮಿಷ ಶುರು ಮಾಡಿದರೆ ಉಳಿದದ್ದು ತಾನೇ ಸಾಗುತ್ತದಂತೆ. ಮುಗಿದ ಮೇಲೆ ಎಷ್ಟು ಹಗುರ ಅನಿಸುತ್ತದೆ ಎಂದು ಮೊದಲೇ ನೆನೆಸಿಕೊಳ್ಳಬೇಕಂತೆ.

ನನ್ನ ಬಾಯಿ ಸುಮ್ಮನಿರಲಿಲ್ಲ.

"ಮೇಡಂ, ನಂದು ಒಂದ ಮಾತಿನ ಕೆಲಸಾರಿ. ಅದನ್ನ ಹೆಂಗ ತುಂಡ ಮಾಡೂದು?"

"ಎಂಥಾ ಮಾತ್ರಿ, ಅಮ್ಮಾ?"

"ಹೇಳಿದ ಮ್ಯಾಲೆ ಹಗುರ ಆಗೂದಿಲ್ಲ. ಮನಿ ಖಾಲಿ ಆಗ್ತೈತಿ. ಅಂಥಾದಕ್ಕ ಏನ ಮಾಡ್ತೀರಿ?"

ಮೇಡಂ ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು. "ಹಂಗಿದ್ರ ಅದು ಆಲಸ್ಯ ಅಲ್ರಿ. ಅಂಜಿಕಿ. ಐದು ನಿಮಿಷದ್ದು ಅದಕ್ಕ ನಡಿಯೂದಿಲ್ರಿ."

ಅಂಜಿಕೆಯಂತೆ. ಕಾಳು ತುಂಬುವ ಹಗೇವಿನಲ್ಲಿ ಹೊಕ್ಕ ನಾಗರಹಾವನ್ನು ಬಡಿಗೆಯಿಂದ ಎತ್ತಿ ಹೊರಗೆ ಒಗೆದವಳು ನಾನು. ನನಗೆ ಅಂಜಿಕೆ. ಬಾಳೆಹಣ್ಣು ಕೊಟ್ಟರು, ತಿನ್ನದೆ ಬಂದೆ.

೧೬ ಮಾರ್ಚ್, ರವಿವಾರ

ಒಂದು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದು ಏನಾದರೂ ಮಾಡಿದ್ದರೆ ತಾನೆ.

ಸಾವಂತ್ರೆವ್ವ ಕೊನೆಯ ಮಾತು ತಂದಳು. ಯುಗಾದಿ ತನಕ ಕಾಯುತ್ತಾರಂತೆ. ಆಮೇಲೆ ಪುಂಡಲೀಕನ ಅವ್ವ ಬೇರೆ ಕಡೆ ನೋಡುತ್ತಾಳಂತೆ.

ಸಂಜೆ ಸುನೀತಾ ಜೋಳ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. ಕೇರುತ್ತಲೇ ಹೇಳಿದಳು.

"ಅತ್ತಿ, ಬ್ಯಾಡ ಅನ್ನೂದಿದ್ರ ಬ್ಯಾಡ ಅಂದ ಬಿಡ್ರಿ. ನಾಲ್ಕ ದಿನ ಅಳ್ತೇನಿ, ಮುಗೀತೈತಿ. ನೋಡೂಣು ಅನಬ್ಯಾಡ್ರಿ. ನೋಡೂಣು ಅಂದ್ರ ದಿನಾ ಮುಂಜಾನೆ ಎದ್ದು ನಿಮ್ಮ ಮಾರಿ ನೋಡ್ಕೋತ ಕುಂದ್ರಬೇಕು ನಾ."

ಬೈಯಲು ಬಾಯಿ ತೆರೆದೆ. ಮುಚ್ಚಿ, ಅವಳ ಮೊರ ಕಸಿದುಕೊಂಡು ಉಳಿದ ಜೋಳ ನಾನೇ ಕೇರಿದೆ.

ನನ್ನ ಗಂಡ ಹೋದಾಗ ನನ್ನನ್ನೂ ಒಬ್ಬರು ಕೇಳಿದ್ದರು. ಬೀರೇಶ ಇನ್ನೂ ತೊಟ್ಟಿಲಲ್ಲಿದ್ದ. ಮಾವ ‘ನೋಡೂಣು’ ಎಂದ. ಸುಗ್ಗಿ ಮುಗಿಯಲಿ ಎಂದ. ಮಳೆ ಬೀಳಲಿ ಎಂದ. ನೋಡುತ್ತಲೇ ಸತ್ತ. ಕೇಳಿದವರು ಎಂದೋ ಬೇರೆ ಹೆಣ್ಣು ತಂದುಕೊಂಡಿದ್ದರು. ಆ ಮುದುಕನನ್ನು ನಾನು ಇಂದಿಗೂ ಬೈಯುತ್ತೇನೆ. ಅವನ ಮಾತೇ ಈಗ ನನ್ನ ಬಾಯಲ್ಲಿ ಬಂದು ಕೂತಿದೆ. ಥೂ.

ಆಯಿತು, ಅಂಜಿಕೆಯೇ. ರೊಟ್ಟಿ ನಾನೇ ಬಡಿದುಕೊಳ್ಳಬಲ್ಲೆ, ಹೊಲ ನಾನೇ ನೋಡಬಲ್ಲೆ. ಅದಲ್ಲ. ಇವಳು ಹೋದರೆ ಈ ಮನೆಯಲ್ಲಿ ಬೀರೇಶನ ಹೆಸರು ಎತ್ತುವವಳು ನಾನೊಬ್ಬಳೇ. ಆ ದಿನಕ್ಕೆ ಹೆದರಿ ಈ ದಿನವನ್ನು ದೂಡುತ್ತಿದ್ದೇನೆ. ದೂಡಿದ್ದು ನನ್ನ ದಿನವೂ ಅಲ್ಲ. ಅವಳದು.

೧೭ ಮಾರ್ಚ್, ಸೋಮವಾರ, ಮಧ್ಯಾಹ್ನ

ಹೇಳಿದೆ.

ಮನೆಯಲ್ಲಿ ಹೇಳಲು ಹೋದರೆ ಮತ್ತೆ ನುಂಗುತ್ತೇನೆ. ಅದಕ್ಕೇ ಹಿಟ್ಟಿನ ಗಿರಣಿಗೆ ಹೋದೆ. ಪಾಳಿ ಉದ್ದ ಇತ್ತು. ಮೈದುನ ಬೀರಲಿಂಗಪ್ಪನೂ ಇದ್ದ — ಮನೆತನಕ್ಕೆ ತಾನೇ ಹಿರಿಯ ಎಂದುಕೊಂಡವನು. ಗಿರಣಿಯ ಗದ್ದಲದಲ್ಲಿ ಮೆಲ್ಲಗೆ ಹೇಳಲು ಬರುವುದಿಲ್ಲ. ಕೂಗಬೇಕು. ಕೂಗಿದ್ದನ್ನು ವಾಪಸು ನುಂಗಲು ಆಗದು. ಕೂಗಿದೆ.

"ಬೀರಲಿಂಗಾ, ಸುನೀತಾನ್ನ ತಿರ್ಲಾಪುರಕ್ಕ ಉಡಿಕಿ ಕೊಡ್ತೇನಿ. ನನ್ನ ಒಪ್ಪಿಗಿ ಐತಿ."

ಪಾಳಿ ಪೂರಾ ತಿರುಗಿ ನೋಡಿತು. ಹೊರಗೆ ಬಾ ಎಂದು ಬೀರಲಿಂಗಪ್ಪ ಸನ್ನೆ ಮಾಡಿದ. ಹೋಗಲಿಲ್ಲ. ಅವನೂ ಕೂಗಬೇಕಾಯಿತು.

"ಆತು ವೈನಿ, ಮಾಡೂಣು. ರಾತ್ರಿ ದೀಪ ಸಣ್ಣದ ಮಾಡಿ ಮುಗಿಸಿ ಬಿಡೂಣು. ಹಿಂದಿನಿಂದ ಬಂದ ಪದ್ಧತಿ."

"ಯಾಕ, ಕಳ್ಳತನ ಮಾಡಾಕತ್ತೇವೇನು? ಹಾಡಹಗಲ ಮಾಡ್ತೇನಿ. ಅಂಗಳದಾಗ."

"ಹಂಗಂದ್ರ ನಾ ಬರೂದಿಲ್ಲ."

"ಬರಬ್ಯಾಡ. ಒಂದ ಎಲಿ ಉಳೀತು."

ಪಾಳಿಯವರು ನಕ್ಕರು. ಅವನು ಸಿಟ್ಟಿನಲ್ಲಿ ಹಿಟ್ಟು ಬಿಟ್ಟೇ ಹೋದ. ಅವನ ಡಬ್ಬಿಯನ್ನೂ ಹೊತ್ತು ಅವನ ಕಟ್ಟೆಯ ಮೇಲೆ ಕುಕ್ಕಿ ಬಂದೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸುನೀತಾ ಬಾಗಿಲಲ್ಲಿ ನಿಂತಿದ್ದಳು.

"ಊರ ಮಂದಿಗೆಲ್ಲಾ ಹೇಳಿ ಬಂದ್ರಿ ಅತ್ತಿ. ನನಗ ಹೇಳಲಿಲ್ಲ."

"ನಿನಗ ಹೇಳಿದ್ರ ಅಳ್ತಿದ್ದಿ. ಹಿಟ್ಟ ಇಳಿಸ್ಕೊ."

ಇಳಿಸಿಕೊಂಡಳು. ಆಮೇಲೆ ಅತ್ತಳು. ನಾನು ಎಮ್ಮೆಗೆ ನೀರು ಕುಡಿಸಲು ಹೋದೆ. ಎಮ್ಮೆ ಆಗಲೇ ಕುಡಿದಿತ್ತು.

೨೪ ಮಾರ್ಚ್, ಸೋಮವಾರ, ಹಗಲು ಹನ್ನೊಂದು

ಯುಗಾದಿ ಮುಗಿದ ಮೇಲೆ ಇಟ್ಟುಕೊಳ್ಳಿ ಎಂದು ನಾಲ್ಕು ಜನ ಬುದ್ಧಿ ಹೇಳಿದರು. ಏನಾದರೂ ಮುಗಿದ ಮೇಲೆ ಅನ್ನುವ ಮಾತು ಈ ಮನೆಯಲ್ಲಿ ಇನ್ನಿಲ್ಲ ಎಂದೆ.

ಅಂಗಳಕ್ಕೆ ಪೆಂಡಾಲು ಹಾಕಿಸಿದ್ದೇನೆ. ಬಿಸಿಲು ಕಣ್ಣು ಕುಕ್ಕುವಂತಿದೆ. ಹಾಗೇ ಬೇಕಿತ್ತು. ಬೀರಲಿಂಗಪ್ಪ ಬಂದಿಲ್ಲ. ಅವನ ಹೆಂಡತಿ ಬಂದು ಅಡುಗೆಗೆ ಕೂತಿದ್ದಾಳೆ. ಪುಂಡಲೀಕ ಕಾಲಿಗೆ ಬಿದ್ದ. ಉಗುರಿನಲ್ಲಿ ಎಣ್ಣೆಯ ಕರಿ.

"ಇವತ್ತರೆ ಕೈ ತೊಳಕೊಂಡ ಬರಬಾರದೇನು?"

"ತೊಳದೇನ್ರಿ ಯವ್ವಾ. ಹೋಗೂದಿಲ್ಲದು."

ಸುಳ್ಳು ಹೇಳುವವನಲ್ಲ. ಇರಲಿ.

ಹೊಸ ಸೀರೆ ನಾನೇ ಉಡಿಸಬೇಕೆಂದು ಸುನೀತಾಳ ಹಟ. ಬೇರೆ ಯಾರೂ ಮುಟ್ಟಬಾರದಂತೆ. ಮುಖ ತೊಳೆದು ಬರುತ್ತೇನೆ ಎಂದು ಒಳಗೆ ಬಂದವಳು ಪೆನ್ನು ಹಿಡಿದು ಕೂತಿದ್ದೇನೆ. ಯಾಕೆ ಕೂತಿದ್ದೇನೆ ಎಂದು ನನಗೆ ಗೊತ್ತು.

"ಅತ್ತಿ, ಎಲ್ಲಾರೂ ಕಾಯಾಕತ್ತಾರ್ರಿ."

ಎರಡನೆಯ ಸಲ ಕರೆದಳು. ಎರಡು ಸಲವೂ ‘ಬಂದೆ’ ಎಂದು ಕೂಗಿದೆ. ಕೂತೇ ಇದ್ದೇನೆ. ಇದೋ, ಮತ್ತೆ ಕರೆಯುತ್ತಿದ್ದಾಳೆ. ಇನ್ನು ‘ಬಂದೆ’ ಅನ್ನುವುದಿಲ್ಲ, ಎದ್ದೇ ಹೋಗುತ್ತೇನೆ. ಪೆನ್ನಿನ ಮುಚ್ಚಳ ಎಲ್ಲಿ ಬಿತ್ತೋ, ಕಾಣುತ್ತಿಲ್ಲ. ಬಿದ್ದಿರಲಿ. ಅದನ್ನು ಹುಡುಕುತ್ತ ಇನ್ನೊಂದು ಗಳಿಗೆ —