ಹೌದು ಎಂದಿರಬೇಕಾದ ಜಾಗದಲ್ಲಿ

ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ತಮ್ಮನಿಗೆ,

ಪ್ರತಿ ಸಲ ಬರೆಯುತ್ತಿದ್ದ ‘ಪ್ರೀತಿಯ’ ಎಂಬ ಪದ ಈ ಸಲ ಪೆನ್ನಿನ ತುದಿಗೆ ಬರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ನಾಲ್ಕು ವಾರದಿಂದ ನಿನ್ನ ಫೋನು ನನ್ನ ಪಾಲಿಗೆ ಸತ್ತಿದೆ. ನಿನ್ನ ಟಿಕೆಟ್ ಅಂಗಡಿಗೆ ಬಂದರೆ ‘ಈಗ ತಾನೆ ಹೊರಗೆ ಹೋದರು’ ಎನ್ನುತ್ತಾರೆ. ಮನೆಗೆ ಬಂದರೆ ನಿನ್ನ ಹೆಂಡತಿ, ಪಾಪ, ನನ್ನ ಮುಖ ನೋಡಲಾರದೆ ಒಳಗೆ ಎದ್ದು ಹೋಗುತ್ತಾಳೆ. ಕಾಗದದಿಂದ ಹಾಗೆ ತಲೆ ತಪ್ಪಿಸಿಕೊಳ್ಳುವುದು ಕಷ್ಟ. ಅದಕ್ಕೇ ಆಸ್ಪತ್ರೆಯ ಲಾಂಡ್ರಿಯಲ್ಲಿ, ಮಡಚಿದ ಹೊದಿಕೆಗಳ ರಾಶಿಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹಿಂದೆ ಒಗೆಯುವ ಯಂತ್ರಗಳು ಗರಗರ ತಿರುಗುತ್ತಿವೆ. ನನ್ನ ತಲೆಯೂ ಹಾಗೇ ಇದೆ.

ನಮ್ಮ ತಂಗಿ ಪುಟ್ಟಿ ನಲವತ್ತೆಂಟನೇ ವಯಸ್ಸಿಗೆ ಮದುವೆಯಾಗುತ್ತೇನೆ ಎಂದಾಗ ನಿನಗಿಂತ ಹೆಚ್ಚು ಕುಣಿದವಳು ನಾನು. ಪರದೇಶದ ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಒಬ್ಬಳೇ ದುಡಿದವಳಿಗೆ, ಶಾಲೆಯ ತೋಟ ನೋಡಿಕೊಳ್ಳುವ ಒಬ್ಬ ಮೆತ್ತನೆಯ ಮನುಷ್ಯ ಸಿಕ್ಕಿದ್ದ. “ಸಾಕ್ಷಿ ಸಹಿ ನಿಂದೇ ಅಕ್ಕ. ನೀ ಬರದಿದ್ರೆ ನಾನು ನೋಂದಣಿ ಕಚೇರಿ ಕುರ್ಚೀಲಿ ಕೂರೋದೇ ಇಲ್ಲ” ಎಂದಳು. ನನಗೆ ವೀಸಾದ ಭಯ. ಆಗ ನೀನು ನಕ್ಕೆ. “ನಮ್ಮ ಪಾಸ್‌ಪೋರ್ಟಿಗೆ ಆ ದೇಶಕ್ಕೆ ವೀಸಾನೇ ಬೇಡ ಅಕ್ಕಾ. ಹೋಗೋಕೆ ಮುಂಚೆ ಆನ್‌ಲೈನಲ್ಲಿ ಒಂದು ಅನುಮತಿ ತಗೋಬೇಕು, ಅಷ್ಟೇ. ಹತ್ತು ನಿಮಿಷದ ಕೆಲಸ. ದಿನಕ್ಕೆ ಇಪ್ಪತ್ತು ತುಂಬ್ತೀನಿ, ನಿಂದು ಇಪ್ಪತ್ತೊಂದನೇದು” ಎಂದೆ. ವಾರ ಬಿಟ್ಟು ಕೇಳಿದರೆ “ಎಲ್ಲಾ ಆಯ್ತು” ಎಂದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನನ್ನು ಇಳಿಸಿದವನು ಕಾರಿನಿಂದ ಇಳಿಯಲಿಲ್ಲ. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿವೆ, ಅದಕ್ಕೆ ಅವಸರ ಎಂದುಕೊಂಡೆ. ಎಂಥಾ ದಡ್ಡಿ ನಾನು!

ಕೌಂಟರಿನ ಹುಡುಗಿ ಪಾಸ್‌ಪೋರ್ಟನ್ನು ಮೂರು ಸಲ ಯಂತ್ರಕ್ಕೆ ಉಜ್ಜಿದಳು. “ಮೇಡಂ, ನಿಮ್ಮನ್ನ ಹತ್ತಿಸಬಾರದು ಅಂತ ಬರ್ತಿದೆ” ಎಂದಳು. ವೀಸಾ ಬೇಡವಲ್ಲಮ್ಮಾ ಎಂದೆ. “ವೀಸಾ ಬೇಡ, ನಿಜ. ಆದ್ರೆ ಆ ಅನುಮತಿ ಇಲ್ದೆ ನಾವು ಬಾಗಿಲು ದಾಟಿಸೋ ಹಾಗಿಲ್ಲ. ನಿಮ್ದು ತಿರಸ್ಕಾರ ಆಗಿದೆ. ಅರ್ಜೀಲಿ ಕೊಟ್ಟಿದ್ದ ಮೇಲ್‌ಗೆ ಪತ್ರ ಬಂದಿರತ್ತೆ, ನೋಡಿ.” ನನ್ನ ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಪಕ್ಕದ ಸಾಲಿಗೆ ಜರುಗಿದರು. ನಿನಗೆ ಫೋನು ಮಾಡಿದೆ. ಆರು ಸಲ. ಹತ್ತುವ ಸಮಯ ಮುಗಿಯುವವರೆಗೂ ಆ ಉಕ್ಕಿನ ಬೆಂಚಿನ ಮೇಲೆ ಕೂತಿದ್ದೆ.

ಅಲ್ಲಿಂದ ನೆಟ್ಟಗೆ ಪೆಟ್ಟಿಗೆ ಎಳೆದುಕೊಂಡು ನಿನ್ನ ಅಂಗಡಿಗೆ ಬಂದೆ. ನೀನಿರಲಿಲ್ಲ. ನಿನ್ನ ಟೈಪಿಸ್ಟ್ ಹೆಂಗಸಿಗೆ ಏನೂ ಗೊತ್ತಿರಲಿಲ್ಲ, ಅವಳ ಮೇಲೆ ರೇಗಬೇಡ. ನನ್ನ ಹೆಸರು ಹಾಕಿ ಹುಡುಕಿ, ಸಿಕ್ಕಿದ್ದನ್ನು ಮುದ್ರಿಸಿ ಕೈಗಿಟ್ಟಳು. ತಿರಸ್ಕಾರದ ಪತ್ರ ಹನ್ನೊಂದು ದಿನ ಹಿಂದೆಯೇ ಬಂದಿತ್ತು. ನೀನು ತೆರೆದು ಓದಿದ್ದೆ. ‘ಅರ್ಜಿಯ ಉತ್ತರಗಳು ದಾಖಲೆಗಳಿಗೆ ಹೊಂದುತ್ತಿಲ್ಲ’ ಎಂದಿತ್ತು. ಅದರ ಜೊತೆಗೆ ನೀನು ತುಂಬಿದ ಫಾರಂ. ಹೆಸರು ಸರಿ, ಹುಟ್ಟಿದ ದಿನ ಸರಿ, ಉದ್ಯೋಗ ಸರಿ. ಏಳನೇ ಪ್ರಶ್ನೆ: ‘ನೀವು ಎಂದಾದರೂ ಅಪರಾಧ ಎಸಗಿದ್ದೀರಾ, ಬಂಧನಕ್ಕೆ ಒಳಗಾಗಿದ್ದೀರಾ, ಶಿಕ್ಷೆ ಅನುಭವಿಸಿದ್ದೀರಾ?’

ನೀನು ‘ಇಲ್ಲ’ ಎಂದು ಒತ್ತಿದ್ದೆ.

ಎರಡು ತಿಂಗಳು, ತಮ್ಮಾ. ನಾನು ಒಳಗಿದ್ದದ್ದು ಎರಡು ತಿಂಗಳು. ಮರೆತಿದ್ದೆಯಾ? ಅಪ್ಪನ ವ್ಯಾನನ್ನು ಕೇಳದೇ ತೆಗೆದುಕೊಂಡು ಹೋಗಿ, ತಿರುವಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಅಂಚೆಯವರಿಗೆ ಗುದ್ದಿದವನು ನೀನು. ನಾನು ಪಕ್ಕದ ಸೀಟಿನಲ್ಲಿದ್ದೆ, ‘ನಿಧಾನ ಕಣೋ’ ಎನ್ನುತ್ತಿದ್ದೆ. ನಿನಗೆ ಹದಿನೇಳು, ಲೈಸೆನ್ಸ್ ಇಲ್ಲ. ನನಗೆ ಇಪ್ಪತ್ತೆರಡು, ಲೈಸೆನ್ಸ್ ಇತ್ತು. ಅಂಚೆಯವರ ಕಾಲು ಎರಡು ಕಡೆ ಮುರಿದಿತ್ತು. ಸಂಜೆ ಅಪ್ಪ ನನ್ನನ್ನು ಅಡುಗೆಮನೆಗೆ ಕರೆದು, “ಅವನ ಬಾಳು ಹಾಳಾಗತ್ತೆ ಮಗಳೇ. ನೀನಾದ್ರೆ ಹೇಗೋ ಸುಧಾರಿಸ್ಕೋತೀಯ” ಎಂದರು. ನಾನು ಒಪ್ಪಿದೆ. ನೀನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಿನ್ನ ಕಾಲಬೆರಳು ಕಾಣುತ್ತಿತ್ತು.

ಆ ವರ್ಷ ನನಗೆ ಶಾಲೆಯ ಕೆಲಸದ ಆದೇಶ ಬಂದಿತ್ತು. ಶಿಕ್ಷೆಯಾದವಳಿಗೆ ಮಕ್ಕಳನ್ನು ಯಾರು ಒಪ್ಪಿಸುತ್ತಾರೆ? ಲಾಂಡ್ರಿಯಲ್ಲಿ ರಕ್ತದ ಕಲೆ ಬಿಡಿಸುವ ಕೆಲಸಕ್ಕೆ ಯಾರೂ ಏನೂ ಕೇಳಲಿಲ್ಲ. ಇಲ್ಲೇ ಮೇಲ್ವಿಚಾರಕಿಯಾದೆ, ಇಲ್ಲೇ ತಲೆ ನೆರೆಯಿತು. ನಿನ್ನ ಮೇಲೆ ಆಗ ಸಿಟ್ಟಿರಲಿಲ್ಲ ಎಂದರೆ ನಂಬು. ಎಳೆಯವನು, ಹೆದರಿದ್ದಾನೆ ಎಂದುಕೊಂಡೆ. ಆದರೆ ಈಗ ನಿನಗೆ ಐವತ್ತನಾಲ್ಕು. ಕಂಪ್ಯೂಟರಿನ ಮುಂದೆ ಒಬ್ಬನೇ ಕೂತಿದ್ದೆ. ‘ಹೌದು’ ಎಂದು ಒತ್ತಿದರೆ ಕೆಳಗೆ ಒಂದು ಖಾಲಿ ಚೌಕ ತೆರೆದುಕೊಳ್ಳುತ್ತದಂತೆ, ಏನಾಯಿತು ಎಂದು ವಿವರಿಸಲು. ಟೈಪಿಸ್ಟ್ ತೋರಿಸಿದಳು. ಆ ಚೌಕದಲ್ಲಿ ನಾಲ್ಕು ಸಾಲು ಟೈಪ್ ಮಾಡಲು ನಿನಗೆ ಕೈ ಬರಲಿಲ್ಲ. ಅಷ್ಟೇ ತಾನೆ? ಅಂದು ನನ್ನನ್ನು ಅಪರಾಧಿ ಮಾಡಿದೆ, ಈಗ ಸುಳ್ಳುಗಾರ್ತಿಯನ್ನೂ ಮಾಡಿದೆ. ಎರಡೂ ಸಲ ಕೈ ನಿನ್ನದು, ಹೆಸರು ನನ್ನದು.

ಪತ್ರ ಬಂದ ದಿನವೇ ಹೇಳಿದ್ದರೆ ಬೇರೆ ದಾರಿ ನೋಡಬಹುದಿತ್ತು. ಹನ್ನೊಂದು ದಿನ ಇತ್ತು. ನೀನು ಏನೆಂದುಕೊಂಡೆ? ಕೌಂಟರಿನವರು ನೋಡದೇ ಬಿಟ್ಟುಬಿಡುತ್ತಾರೆ ಎಂದೇ? ಬಾಗಿಲವರೆಗೂ ಕರೆದುಕೊಂಡು ಹೋಗಿ ನನ್ನನ್ನು ಆ ಹುಡುಗಿಯ ಬಾಯಿಗೆ ಬಿಟ್ಟು ಬಂದೆಯಲ್ಲೋ.

ಪುಟ್ಟಿಯ ಮದುವೆಯನ್ನು ನಾನು ಇದೇ ಕೋಣೆಯಲ್ಲಿ, ದಿಂಬಿನ ಕವರುಗಳಿಗೆ ಫೋನು ಒರಗಿಸಿಟ್ಟು ನೋಡಿದೆ. ನೋಂದಣಿ ಕಚೇರಿಯ ದಿನ ಮುಂದೂಡಿದ್ದರೆ ಮತ್ತೆ ಮೂರು ತಿಂಗಳು ಕಾಯಬೇಕಿತ್ತಂತೆ. ಬೇಡ, ಮುಗಿಸಿಬಿಡು ಎಂದು ನಾನೇ ಗದರಿದೆ. ನೀಲಿ ಉಡುಪು ಹಾಕಿದ್ದಳು. ತೋಳು ಸ್ವಲ್ಪ ಉದ್ದವಾಗಿತ್ತು, ಅಲ್ಲಿದ್ದಿದ್ದರೆ ಹಿಂದಿನ ದಿನವೇ ಮಡಚಿ ಹೊಲಿದುಕೊಡುತ್ತಿದ್ದೆ. ಸಾಕ್ಷಿಯ ಕುರ್ಚಿಯಲ್ಲಿ ಕನ್ನಡಕದ ಅಂಗಡಿಯ ಯಜಮಾನಿ ಕೂತಿದ್ದಳು. ಸಹಿ ಹಾಕುವ ಹೊತ್ತಿಗೆ ಚಿತ್ರ ನಿಂತುಹೋಯಿತು. ಪುಟ್ಟಿಯ ಬಾಯಿ ಅರ್ಧ ತೆರೆದೇ ಇತ್ತು, ಇಸ್ತ್ರಿ ಮಾಡುವವಳು ‘ಏನಮ್ಮಾ, ಅಳ್ತಿದ್ದೀರಾ?’ ಎಂದು ಕೇಳುವವರೆಗೂ.

ಆ ಮೇಲೆ ನಾನು ಪೂರ್ತಿ ವೀಸಾಕ್ಕೆ ಅರ್ಜಿ ಹಾಕಿದೆ. ನನ್ನ ಕೈಯಾರೆ. ಅನುಮತಿ ತಿರಸ್ಕಾರವಾದವರಿಗೆ ಉಳಿದ ದಾರಿ ಅದೊಂದೇ. ಇನ್ನು ಮುಂದೆ ಪ್ರತಿ ಸಲವೂ ಬೇರೆಯವರಿಗೆ ಹತ್ತು ನಿಮಿಷದ್ದು ನನಗೆ ಗಾಜಿನ ಕಿಟಕಿ, ಬೆರಳಚ್ಚು, ವಿಚಾರಣೆ. ಗಾಜಿನ ಆಚೆಗಿದ್ದ ಅಧಿಕಾರಿ ನನ್ನ ವಯಸ್ಸಿನವಳೇ. “ಶಿಕ್ಷೆ ಆಗಿದೆ, ಆದ್ರೂ ಇಲ್ಲ ಅಂತ ಬರೆದಿದ್ದೀರಿ. ಯಾಕೆ?” ಎಂದಳು. ನಾನು ಬರೆದಿಲ್ಲ ಎಂದೆ. “ಹೆಸರು ನಿಮ್ದು. ನಿಜ ಹೇಳಿದ್ದೀನಿ ಅನ್ನೋ ಘೋಷಣೆನೂ ನಿಮ್ದು” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗಲೂ ನಿನ್ನನ್ನು ಕಾಪಾಡಬೇಕೇ ಎಂದು ಯೋಚಿಸಿದೆ, ನೋಡು ನನ್ನ ಹಣೆಬರಹ. ಆಮೇಲೆ ಎಲ್ಲ ಹೇಳಿದೆ. ವ್ಯಾನು, ತಿರುವು, ಅಡುಗೆಮನೆ, ನಿನ್ನ ಹೆಸರು. ಬರೆದುಕೊಡಿ ಎಂದಳು, ಬರೆದುಕೊಟ್ಟೆ. ಮೂವತ್ತೇಳು ವರ್ಷದ ಮಾತು ಒಂದೂವರೆ ಪುಟದಲ್ಲಿ ಮುಗಿಯಿತು.

ಕಳೆದ ಶುಕ್ರವಾರ ಪಾಸ್‌ಪೋರ್ಟ್ ವಾಪಸು ಬಂತು. ವೀಸಾ ಕೊಟ್ಟಿದ್ದಾರೆ, ಒಂದೇ ಸಲದ ಪ್ರಯಾಣಕ್ಕೆ.

ಪುಟ್ಟಿಗೂ ಹೇಳಿದ್ದೇನೆ. ಆಗ ಅವಳಿಗೆ ಹನ್ನೊಂದು. ನಾನೇ ಗುದ್ದಿದ್ದು ಎಂದು ನಂಬಿ, ಎಷ್ಟೋ ವರ್ಷ ನಾನು ಓಡಿಸುವ ಗಾಡಿಗೆ ಹತ್ತುತ್ತಿರಲಿಲ್ಲ. “ನಿನ್ನ ಡ್ರೈವಿಂಗ್ ಬಗ್ಗೆ ನಾನು ಅಷ್ಟೊಂದು ಜೋಕ್ ಮಾಡಿದ್ನಲ್ಲ ಅಕ್ಕಾ, ಅವನೂ ಜೊತೆಗೆ ಕೂತು ನಗ್ತಿದ್ದ” ಎಂದಳು. ಅದಕ್ಕೆ ಉತ್ತರ ಹೇಳಬೇಕಾದವನು ನೀನು. ಅವಳಿಗೆ ಬರೆ. ನಿನ್ನ ಹೆಂಡತಿಗೆ ಮಾತ್ರ ನಾನು ಹೇಳಿಲ್ಲ. ಅದು ನಿನ್ನ ಕೆಲಸ.

ನನ್ನದೂ ಒಂದು ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ‘ಆ ಫಾರಂನಲ್ಲಿ ಏನೇನು ಕೇಳುತ್ತಾರೆ?’ ಎಂದು ನಿನ್ನನ್ನು ಕೇಳಬಹುದಿತ್ತು. ನಾಲಿಗೆಯವರೆಗೂ ಬಂದಿತ್ತು. ಕೇಳಿದರೆ ನಿನ್ನ ಮುಖ ಸಣ್ಣದಾಗುತ್ತದೆ ಎಂದು ನುಂಗಿಕೊಂಡೆ. ಇಷ್ಟು ವರ್ಷವೂ ನಿನ್ನ ಮುಖ ಸಣ್ಣದಾಗದಂತೆ ನೋಡಿಕೊಳ್ಳುವುದೇ ನನಗೆ ಅಭ್ಯಾಸವಾಗಿಹೋಗಿತ್ತು. ಇವತ್ತಿಗೆ ಬಿಟ್ಟೆ.

ಇಪ್ಪತ್ತನೇ ತಾರೀಕು ಹೊರಡುತ್ತೇನೆ. ಟಿಕೆಟ್ ಬೇರೆ ಅಂಗಡಿಯಲ್ಲಿ ತೆಗೆದಿದ್ದೇನೆ. ಬಿಡಲು ಬರಬೇಡ.

ನಿನ್ನ ಅಕ್ಕ
(ಇದನ್ನು ಮಾತ್ರ ಬದಲಾಯಿಸಲು ಆಗಲಿಲ್ಲ)

ಮರೆತ ಮಾತು: ನಿನ್ನೆ ಆ ಅಂಚೆಯವರನ್ನು ಹುಡುಕಿಕೊಂಡು ಹೋಗಿದ್ದೆ. ಎಂಬತ್ತರ ಹತ್ತಿರ. ಊರುಗೋಲು ಹಿಡಿದು ತಾವೇ ಬಾಗಿಲು ತೆಗೆದರು. ಗಾಡಿ ಓಡಿಸಿದ್ದು ನಾನಲ್ಲ ಎಂದೆ. “ಗೊತ್ತು ಕಣಮ್ಮ. ಬೀಳೋ ಮುಂಚೆ ಹುಡುಗನ ಮುಖ ನೋಡಿದ್ದೆ. ಕೋರ್ಟಲ್ಲಿ ನೀನೇ ಒಪ್ಕೊಂಡ್ಯಲ್ಲ, ನಾನೇನು ಹೇಳ್ಲಿ?” ಎಂದರು. ನೀನು ಅಂಗಡಿ ಇಟ್ಟ ಮೇಲೆ ಹನ್ನೆರಡು ವರ್ಷ, ಕುಂಟುತ್ತಲೇ, ನಿನಗೆ ಕಾಗದ ತಂದುಕೊಟ್ಟವರು ಅವರೇ ಅಲ್ಲವೇ? ಅವರು ಮೆಟ್ಟಿಲು ಹತ್ತುವುದು ಕಂಡರೆ ನೀನು ಒಳಕೋಣೆಗೆ ಎದ್ದು ಹೋಗುತ್ತಿದ್ದೆಯಂತೆ. “ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ ದಿನಾ ಒಂದು ನಿಮಿಷ ಜಾಸ್ತೀನೇ ನಿಲ್ತಿದ್ದೆ. ಈಗ್ಲೂ ಬಂದ್ರೆ ಬಾಗಿಲು ತೆಗೀತೀನಿ ಅಂತ ಹೇಳು” ಎಂದರು. ಹೇಳಿದ್ದೇನೆ. ನಾನಾಗಿದ್ದರೆ ತೆಗೆಯುತ್ತಿರಲಿಲ್ಲ.